ಹತ್ತು ದಿನದಲ್ಲಿ ಮೂರು ಜರ್ಸಿ: ಡೆಟ್ರಾಯ್ಟ್ ಪಿಸ್ಟನ್ಸ್ ತಂಡದ 2003–04ರ ಸೀಸನ್

2004ರ ಫೆಬ್ರುವರಿ 9ರ ಬೆಳಗ್ಗೆ ರಶೀದ್ ವಾಲೆಸ್ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪೋರ್ಟ್‌ಲ್ಯಾಂಡ್ ತಂಡದ ಆಟಗಾರ. ಅವತ್ತೇ ಅವನನ್ನು ಅಟ್ಲಾಂಟಾ ಹಾಕ್ಸ್‌ಗೆ ಕೊಟ್ಟರು. ಹಾಕ್ಸ್ ಜರ್ಸಿ ತೊಟ್ಟು ಅವನು ಆಡಿದ್ದು ಒಂದೇ ಒಂದು ಪಂದ್ಯ. 20 ಪಾಯಿಂಟ್, 6 ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯೋದು), 5 ಬ್ಲಾಕ್ (ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ತಟ್ಟಿಹಾಕೋದು). ಅಷ್ಟು ಚೆನ್ನಾಗಿ ಆಡಿದರೂ ಫೆಬ್ರುವರಿ 19ಕ್ಕೆ ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು. ಈ ಸಲ ಡೆಟ್ರಾಯ್ಟ್‌ಗೆ. ನಾಲ್ಕು ತಿಂಗಳು ಕಳೆಯುವುದರೊಳಗೆ, ಜೂನ್ 15ರ ರಾತ್ರಿ, ಅವನ ಕೈಯಲ್ಲಿ ಎನ್‌ಬಿಎ ಟ್ರೋಫಿ ಇತ್ತು.

ಈ ಸೀಸನ್ ಬಗ್ಗೆ ಎಲ್ಲರೂ ಹೇಳೋ ಕಥೆ ಒಂದಿದೆ. ಲಾಸ್ ಏಂಜಲೀಸ್ ಲೇಕರ್ಸ್‌ನಲ್ಲಿ ನಾಲ್ಕು ದೊಡ್ಡ ಹೆಸರು: ಶಕೀಲ್ ಓನೀಲ್, ಕೋಬಿ ಬ್ರಯಂಟ್, ಕಾರ್ಲ್ ಮಲೋನ್, ಗ್ಯಾರಿ ಪೇಟನ್. ಡೆಟ್ರಾಯ್ಟ್‌ನಲ್ಲಿ ಸ್ಟಾರ್ ಅಂತ ಯಾರೂ ಇಲ್ಲ. ಆದರೂ ಒಗ್ಗಟ್ಟಿನಿಂದ ಆಡಿ ಗೆದ್ದರು. ಕೇಳೋಕೆ ಚೆನ್ನಾಗಿದೆ. ಆದರೆ ನನಗೆ ಇದು ಅರ್ಧ ಮಾತ್ರ ನಿಜ ಅನಿಸುತ್ತದೆ. ಡೆಟ್ರಾಯ್ಟ್‌ನಲ್ಲೂ ಸ್ಟಾರ್‌ಗಳಿದ್ದರು. ಪಾಯಿಂಟ್ ಹೊಡೆಯುವುದನ್ನು ಬಿಟ್ಟು ಬೇರೆ ಕೆಲಸದಲ್ಲಿ ಸ್ಟಾರ್‌ಗಳಾಗಿದ್ದರು, ಅಷ್ಟೇ. ಆ ಕೆಲಸಕ್ಕೆ ಆಗ ಮಾರುಕಟ್ಟೆಯಲ್ಲಿ ಬೆಲೆ ಕಮ್ಮಿ ಇತ್ತು. ಅದನ್ನು ಕಂಡುಕೊಂಡ ಒಬ್ಬ ಮ್ಯಾನೇಜರ್ ನಾಲ್ಕು ವರ್ಷ ಕೂತು ಒಬ್ಬೊಬ್ಬರನ್ನೇ ಆರಿಸಿ ತಂದರು. ನಡುವೆ ಒಂದು ದೊಡ್ಡ ಎಡವಟ್ಟನ್ನೂ ಮಾಡಿದರು.

(ಆಟಗಾರರನ್ನೆಲ್ಲ ಏಕವಚನದಲ್ಲೇ ಕರೆಯುತ್ತಿದ್ದೇನೆ. ಕ್ರಿಕೆಟ್ ನೋಡುವಾಗ ನಾವೆಲ್ಲ ಮಾಡೋದು ಅದೇ ಅಲ್ವಾ.)

ಬೇರೆಯವರು ಬಿಟ್ಟಿದ್ದನ್ನು ಆರಿಸಿಕೊಂಡದ್ದು

ಮ್ಯಾನೇಜರ್ ಹೆಸರು ಜೋ ಡೂಮಾರ್ಸ್. 1989 ಮತ್ತು 1990ರಲ್ಲಿ ಡೆಟ್ರಾಯ್ಟ್ ಎರಡು ಸಲ ಚಾಂಪಿಯನ್ ಆದಾಗ ತಂಡದಲ್ಲಿದ್ದವರು. 1989ರ ಫೈನಲ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಬಂದಿತ್ತು. ಆ ಕಾಲದ ಪಿಸ್ಟನ್ಸ್‌ಗೆ ‘ಬ್ಯಾಡ್ ಬಾಯ್ಸ್’ ಅಂತ ಅಡ್ಡಹೆಸರು. ಮೈಮೇಲೆ ಬಿದ್ದು ಆಡುವ ತಂಡ. ಅದರ ನಡುವೆ ಡೂಮಾರ್ಸ್ ಮಾತ್ರ ಸದ್ದಿಲ್ಲದೆ ಮೈಕಲ್ ಜೋರ್ಡಾನ್‌ನನ್ನು ತಡೆಯುತ್ತಿದ್ದರು. ಎದುರಾಳಿಯನ್ನು ತಡೆಯೋದು ಎಷ್ಟು ಕಷ್ಟದ ಕೆಲಸ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

2000ದಲ್ಲಿ ಅವರು ತಂಡದ ಹೊಣೆ ಹೊತ್ತಾಗ ಕೈಗೆ ಬಂದದ್ದು ತಲೆನೋವು. ತಂಡದ ಏಕೈಕ ದೊಡ್ಡ ಆಟಗಾರ ಗ್ರಾಂಟ್ ಹಿಲ್ ಒರ್ಲಾಂಡೊಗೆ ಹೋಗ್ತೀನಿ ಅಂತ ತೀರ್ಮಾನ ಮಾಡಿದ್ದ. ಸುಮ್ನೆ ಬಿಟ್ಟುಕೊಟ್ಟರೆ ಏನೂ ಸಿಗೋದಿಲ್ಲ. ಹಾಗಾಗಿ ಡೂಮಾರ್ಸ್ ಒರ್ಲಾಂಡೊ ಜೊತೆ ಮಾತಾಡಿ, ಹಿಲ್‌ಗೆ ಹೊಸ ಕರಾರು ಬರೆದುಕೊಟ್ಟೇ ಕಳಿಸಿ, ಬದಲಿಗೆ ಇಬ್ಬರನ್ನು ಪಡೆದರು. ಚಕ್ಕಿ ಆಟ್ಕಿನ್ಸ್ ಮತ್ತು ಬೆನ್ ವಾಲೆಸ್ (ಇವನು ಬೇರೆ ವಾಲೆಸ್). ಜನ ನಕ್ಕರು. ಹಿಲ್ ಎಲ್ಲಿ, ಇವರೆಲ್ಲಿ.

ಬೆನ್ ವಾಲೆಸ್‌ನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅಲಬಾಮಾದ ಒಂದು ಪುಟ್ಟ ಊರಿನ ಬಡ ಮನೆ, ಹನ್ನೊಂದು ಮಕ್ಕಳಲ್ಲಿ ಇವನು ಹತ್ತನೆಯವನು. ಶಾಲೆಯಲ್ಲಿದ್ದಾಗ ಚಾರ್ಲ್ಸ್ ಓಕ್ಲಿ ಅನ್ನೋ ಎನ್‌ಬಿಎ ಆಟಗಾರ ನಡೆಸುತ್ತಿದ್ದ ಬ್ಯಾಸ್ಕೆಟ್‌ಬಾಲ್ ಶಿಬಿರಕ್ಕೆ ಸೇರಬೇಕಿತ್ತು. ಫೀಸಿಗೆ ದುಡ್ಡಿಲ್ಲ. ಊರವರಿಗೆ ತಲೆಗೂದಲು ಕತ್ತರಿಸಿ ದುಡ್ಡು ಜೋಡಿಸಿದ. ಅಲ್ಲಿ ಓಕ್ಲಿ ಕಣ್ಣಿಗೆ ಬಿದ್ದ. ಮುಂದೆ ಓಕ್ಲಿ ಓದಿದ್ದ ವರ್ಜೀನಿಯಾ ಯೂನಿಯನ್ ಕಾಲೇಜಿಗೇ ಹೋದ. 1996ರ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳೋದು) ಅವನನ್ನು ಯಾವ ತಂಡವೂ ಕರೆಯಲಿಲ್ಲ. ಎತ್ತರ 6 ಅಡಿ 9 ಇಂಚು ಅಂತ ಕಾಗದದಲ್ಲಿದೆ. ಪಕ್ಕದಲ್ಲಿ ನಿಂತವರು ಅದಕ್ಕಿಂತ ಕಮ್ಮಿ ಅಂತಾರೆ. ಈ ಎತ್ತರಕ್ಕೆ ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ನಿಲ್ಲುವ ದೊಡ್ಡಾಳಾಗಿ ಆಡೋದು ಅಂದರೆ ದಿನಾ ತನಗಿಂತ ದೊಡ್ಡವರ ಜೊತೆ ಗುದ್ದಾಟ. ಶೂಟ್ ಮಾಡೋಕೆ ಅಷ್ಟೇನೂ ಬರುವುದಿಲ್ಲ. ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಸಿಗುವ, ಯಾರೂ ಅಡ್ಡ ಬರದ ಎಸೆತ) ಹಾಕಿದರೆ ಅರ್ಧಕ್ಕರ್ಧ ಹೊರಗೆ.

ಆದರೆ 2002 ಮತ್ತು 2003ರಲ್ಲಿ ಇಡೀ ಲೀಗ್‌ನ ಶ್ರೇಷ್ಠ ಡಿಫೆನ್ಸ್ ಆಟಗಾರ ಪ್ರಶಸ್ತಿ ಇವನಿಗೇ ಬಂತು. ನಾವು ಹೇಳುತ್ತಿರೋ ಸೀಸನ್ನಿನಲ್ಲಿ ಪಂದ್ಯಕ್ಕೆ ಅವನ ಸರಾಸರಿ 9.5 ಪಾಯಿಂಟ್. ರೀಬೌಂಡ್ 12.4, ಬ್ಲಾಕ್ 3. ಇವನನ್ನು ‘ಸ್ಟಾರ್ ಅಲ್ಲ’ ಅನ್ನೋದು, ಬರೀ ರನ್ ಲೆಕ್ಕ ನೋಡಿ ಬೌಲರ್‌ಗೆ ಮಾರ್ಕು ಹಾಕಿದ ಹಾಗೆ. ಇತ್ತ ಪಾಪ ಗ್ರಾಂಟ್ ಹಿಲ್‌ಗೆ ಪಾದದ ಕೀಲಿನ ಪೆಟ್ಟು ಬಿಡಲೇ ಇಲ್ಲ. ಒರ್ಲಾಂಡೊದ ಮೊದಲ ಮೂರು ಸೀಸನ್ನಿನಲ್ಲಿ ಒಟ್ಟು 47 ಪಂದ್ಯ ಆಡಿದ. ನಾಲ್ಕನೆಯದರಲ್ಲಿ ಒಂದೂ ಇಲ್ಲ.

ಅಂಗಳಕ್ಕಿಳಿಯುವ ಮುಖ್ಯ ಐವರಲ್ಲಿ ಇನ್ನು ಮೂವರು ಬಂದದ್ದು 2002ರಲ್ಲಿ. ಚಾನ್ಸಿ ಬಿಲಪ್ಸ್‌ನನ್ನು 1997ರಲ್ಲಿ ಬಾಸ್ಟನ್ ಮೂರನೇ ಆಯ್ಕೆಯಾಗಿ ತಗೊಂಡು, ಮೊದಲ ಸೀಸನ್ ಮುಗಿಯುವ ಮುಂಚೆಯೇ ಟೊರಾಂಟೊಗೆ ದಾಟಿಸಿತ್ತು. ಆಮೇಲೆ ಡೆನ್ವರ್, ಒರ್ಲಾಂಡೊ, ಮಿನೆಸೋಟ. ಬಾಡಿಗೆ ಮನೆ ಬದಲಾಯಿಸಿದ ಹಾಗೆ ತಂಡ ಬದಲಾಯಿಸಿದ ಹುಡುಗ. ರಿಚರ್ಡ್ ಹ್ಯಾಮಿಲ್ಟನ್‌ನನ್ನು ವಾಷಿಂಗ್ಟನ್ ಕಳಿಸಿಕೊಟ್ಟಿತು. ಬದಲಿಗೆ ಡೂಮಾರ್ಸ್ ಕೊಟ್ಟಿದ್ದು ತಂಡದಲ್ಲೇ ಜಾಸ್ತಿ ಪಾಯಿಂಟ್ ಹೊಡೆಯುತ್ತಿದ್ದ ಜೆರಿ ಸ್ಟ್ಯಾಕ್‌ಹೌಸ್‌ನನ್ನು. ಅದಕ್ಕೂ ಊರಲ್ಲಿ ಗೊಣಗಾಟ ಇತ್ತು. ಟೇಶಾನ್ ಪ್ರಿನ್ಸ್ ಡ್ರಾಫ್ಟ್‌ನಲ್ಲಿ 23ನೇ ಆಯ್ಕೆ. ಕಡ್ಡಿಯಂಥ ಮೈ, ಎರಡೂ ಕೈ ಚಾಚಿದರೆ ಏಳು ಅಡಿಗೂ ಜಾಸ್ತಿ. (ಅಕ್ಕ ಸಮ್ಮೇಳನಕ್ಕೆ ಅಮೆರಿಕದ ಕನ್ನಡಿಗರೆಲ್ಲ ಡೆಟ್ರಾಯ್ಟ್‌ನಲ್ಲಿ ಸೇರಿದ್ದೂ ಅದೇ 2002ರಲ್ಲಿ. ಕಾರು ಕಂಪನಿಗಳ ಕೆಲಸಕ್ಕೆ ಹೋದ ನಮ್ಮವರು ಅಲ್ಲಿ ಬಹಳ. ಹಾಗಾಗಿ ಈ ತಂಡದ ಮಾತು ಕನ್ನಡದಲ್ಲಿ ಆಡುವವರು ಅಪರೂಪವೇನಲ್ಲ.)

ಎರಡನೇ ಆಯ್ಕೆ

ಈಗ ಎಡವಟ್ಟಿನ ವಿಷಯ. 1997ರಲ್ಲಿ ಡೆಟ್ರಾಯ್ಟ್ ತನ್ನ ಹಿರಿಯ ಆಟಗಾರ ಓಟಿಸ್ ಥಾರ್ಪ್‌ನನ್ನು ವ್ಯಾಂಕೂವರ್ ಗ್ರಿಜ್ಲೀಸ್‌ಗೆ ಕೊಟ್ಟು, ಬದಲಿಗೆ ಮುಂದೆ ಯಾವಾಗಲೋ ಸಿಗುವ ಒಂದು ಡ್ರಾಫ್ಟ್ ಆಯ್ಕೆಯನ್ನು ಬರೆಸಿಕೊಂಡಿತ್ತು. ಆ ಸಾಲ ತೀರಿದ್ದು 2003ರಲ್ಲಿ. ಅಷ್ಟರಲ್ಲಿ ಗ್ರಿಜ್ಲೀಸ್ ಮೆಂಫಿಸ್‌ಗೆ ಮನೆ ಬದಲಾಯಿಸಿಯೂ ಆಗಿತ್ತು. ಡ್ರಾಫ್ಟ್‌ನ ಸರದಿ ತೀರ್ಮಾನಿಸುವ ಲಾಟರಿಯಲ್ಲಿ ಮೊದಲ ಸ್ಥಾನ ಬಂದರೆ ಮಾತ್ರ ಮೆಂಫಿಸ್ ಆ ಆಯ್ಕೆಯನ್ನು ತಾನೇ ಇಟ್ಟುಕೊಳ್ಳಬಹುದಿತ್ತು. ಮೊದಲನೆಯದು ಕ್ಲೀವ್‌ಲ್ಯಾಂಡ್‌ಗೆ ಹೋಯಿತು, ಅಂದರೆ ಲೆಬ್ರಾನ್ ಜೇಮ್ಸ್. ಮೆಂಫಿಸ್‌ಗೆ ಬಂದದ್ದು ಎರಡನೆಯದು. ಅದು ಸೀದಾ ಡೆಟ್ರಾಯ್ಟ್ ಜೇಬಿಗೆ ಬಿತ್ತು. ಹಿಂದಿನ ಸೀಸನ್ನಿನಲ್ಲಿ 50 ಪಂದ್ಯ ಗೆದ್ದಿರೋ ತಂಡಕ್ಕೆ ಡ್ರಾಫ್ಟ್‌ನ ಎರಡನೇ ಆಯ್ಕೆ! ಇಂಥ ಅದೃಷ್ಟ ಯಾರಿಗೆ ಬರುತ್ತೆ ಹೇಳಿ.

ಡೂಮಾರ್ಸ್ ಆರಿಸಿದ್ದು ಸರ್ಬಿಯಾದ ಡಾರ್ಕೊ ಮಿಲಿಚಿಚ್‌ನನ್ನು. ಏಳು ಅಡಿ ಎತ್ತರ, ಇನ್ನೂ 18 ವರ್ಷ. ಅವನ ನಂತರದ ಮೂರು ಆಯ್ಕೆಗಳು ಕಾರ್ಮೆಲೊ ಆಂಥೊನಿ, ಕ್ರಿಸ್ ಬಾಷ್, ಡ್ವೇನ್ ವೇಡ್. ಮೂವರೂ ಮುಂದೆ ಲೀಗ್ ಆಳಿದರು. ಡಾರ್ಕೊ ಆ ಸೀಸನ್ನಿನಲ್ಲಿ ಇಳಿದದ್ದು 34 ಪಂದ್ಯದಲ್ಲಿ, ಅದೂ ಪಂದ್ಯದ ತೀರ್ಮಾನ ಆದ ಮೇಲೆ. ಸರಾಸರಿ 1.4 ಪಾಯಿಂಟ್. ಗೆಲುವು ಖಾತ್ರಿಯಾದಾಗ ಪ್ರೇಕ್ಷಕರು ಅವನನ್ನು ಇಳಿಸಿ ಅಂತ ಕೂಗುವುದು ಒಂದು ತಮಾಷೆಯಾಗಿ ಹೋಯಿತು. ಆ ಹುಡುಗನ ಜಾಗದಲ್ಲಿ ಕೂತು ಯೋಚನೆ ಮಾಡಿದರೆ ಅದು ತಮಾಷೆಯಲ್ಲ.

ಡೂಮಾರ್ಸ್ ಯಾಕೆ ಹಾಗೆ ಮಾಡಿದರು? ಕಾರ್ಮೆಲೊ ಆಡುವ ಜಾಗದಲ್ಲಿ ಪ್ರಿನ್ಸ್ ಇದ್ದ. 2003ರ ಪ್ಲೇಆಫ್‌ನಲ್ಲಿ (ಲೀಗ್ ಪಂದ್ಯ ಮುಗಿದ ಮೇಲಿನ ನಾಕೌಟ್ ಸರಣಿಗಳು) ಒರ್ಲಾಂಡೊ ಎದುರು 1–3 ಹಿಂದೆ ಬಿದ್ದು, ಆಮೇಲೆ ಮೂರೂ ಗೆದ್ದು ಮುಂದೆ ಹೋಗುವಾಗ ಅವನು ಮಿಂಚಿದ್ದ. ತಂಡದಲ್ಲಿ ಇಲ್ಲದೇ ಇದ್ದದ್ದು ಬೆನ್ ಪಕ್ಕದಲ್ಲಿ ನಿಲ್ಲುವ, ದೂರದಿಂದಲೂ ಬಾಸ್ಕೆಟ್ ಹಾಕಬಲ್ಲ ಎತ್ತರದ ಆಟಗಾರ. ಯೋಚನೆ ಸರಿಯಾಗಿತ್ತು. ಆರಿಸಿದ ಆಳು ಸರಿಯಿರಲಿಲ್ಲ. ಆ ಖಾಲಿ ಜಾಗ ಫೆಬ್ರುವರಿವರೆಗೆ ಖಾಲಿಯೇ ಇತ್ತು.

ಕೋಚ್ ಬದಲು

2000–01ರಲ್ಲಿ 32 ಗೆದ್ದು 50 ಸೋತಿದ್ದ ತಂಡ ಮುಂದಿನ ಎರಡೂ ಸೀಸನ್ನಿನಲ್ಲಿ 50 ಗೆದ್ದು 32 ಸೋತಿತು. ಹೀಗೆ ತಿರುಗಿಸಿದ ಕೋಚ್ ರಿಕ್ ಕಾರ್ಲೈಲ್ ಅವರನ್ನು 2003ರಲ್ಲಿ ತೆಗೆದು, ಲ್ಯಾರಿ ಬ್ರೌನ್ ಅವರನ್ನು ತಂದರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಗೆಲ್ಲಿಸುತ್ತಿರುವವರನ್ನು ಯಾಕೆ ಕಳಿಸಬೇಕು? ಕಾರ್ಲೈಲ್ ಪಕ್ಕದ ಇಂಡಿಯಾನಾ ಪೇಸರ್ಸ್‌ಗೆ ಹೋದರು. ಆ ತಂಡ ಅದೇ ಸೀಸನ್ನಿನಲ್ಲಿ 61 ಪಂದ್ಯ ಗೆದ್ದು ಇಡೀ ಲೀಗ್‌ಗೆ ಮೊದಲು ಬಂತು. ಡೂಮಾರ್ಸ್‌ಗೆ ಆಗ ನಿದ್ದೆ ಬಂದಿರಲಿಕ್ಕಿಲ್ಲ.

ಡೆಟ್ರಾಯ್ಟ್ ಕೂಡ ಕೆಟ್ಟದಾಗಿ ಆಡುತ್ತಿರಲಿಲ್ಲ. ಚಳಿಗಾಲದಲ್ಲಿ ಒಂದು ಸಲ ಸತತ 13 ಗೆದ್ದರು. ಆದರೆ ಟ್ರೋಫಿ ಗೆಲ್ಲುವ ತಂಡ ಅಂತ ಯಾರಿಗೂ ಅನಿಸುತ್ತಿರಲಿಲ್ಲ.

ಫೆಬ್ರುವರಿ 19

ಎನ್‌ಬಿಎಯಲ್ಲಿ ಆಟಗಾರನನ್ನು ನಡುವೆ ಸುಮ್ನೆ ಕೊಂಡುಕೊಳ್ಳೋಕೆ ಆಗೋದಿಲ್ಲ. ಪ್ರತಿ ತಂಡದ ಸಂಬಳದ ಮೊತ್ತಕ್ಕೆ ಒಂದು ಮಿತಿ ಇದೆ. ಸ್ಯಾಲರಿ ಕ್ಯಾಪ್ ಅಂತಾರೆ. ಆ ಸೀಸನ್ನಿನಲ್ಲಿ ಅದು ಸುಮಾರು 4.38 ಕೋಟಿ ಡಾಲರ್. ಆ ಮಿತಿ ದಾಟಿರುವ ತಂಡ ಒಬ್ಬನನ್ನು ತರಬೇಕಾದರೆ, ಹೆಚ್ಚುಕಮ್ಮಿ ಅಷ್ಟೇ ಸಂಬಳದವರನ್ನು ಕಳಿಸಬೇಕು. ತಕ್ಕಡಿಯ ಎರಡೂ ಕಡೆ ಸರಿಯಾಗಬೇಕು.

ರಶೀದ್ ಸಂಬಳ ಸುಮಾರು 1.7 ಕೋಟಿ ಡಾಲರ್. ಅಷ್ಟು ತೂಕದ ಒಬ್ಬ ಆಟಗಾರನನ್ನು ಬಿಟ್ಟುಕೊಟ್ಟರೆ ಡೆಟ್ರಾಯ್ಟ್ ತಂಡವೇ ಮುರಿದುಬೀಳುತ್ತದೆ. ಹಾಗಾಗಿ ಡೂಮಾರ್ಸ್ ಚಿಲ್ಲರೆ ಜೋಡಿಸಿದರು. ಬಾಬ್ ಸೂರಾ, ಜೆಲ್ಕೊ ರೆಬ್ರಾಚಾ ಮತ್ತು ಒಂದು ಡ್ರಾಫ್ಟ್ ಆಯ್ಕೆ ಅಟ್ಲಾಂಟಾಗೆ. ಚಕ್ಕಿ ಆಟ್ಕಿನ್ಸ್, ಲಿಂಡ್ಸಿ ಹಂಟರ್ ಮತ್ತು ಇನ್ನೊಂದು ಡ್ರಾಫ್ಟ್ ಆಯ್ಕೆ ಬಾಸ್ಟನ್‌ಗೆ. ಮೂರು ತಂಡದ ಲೆಕ್ಕ ಸರಿಹೊಂದಿ ಡೆಟ್ರಾಯ್ಟ್‌ಗೆ ಬಂದದ್ದು ರಶೀದ್ ಮತ್ತು ಮೈಕ್ ಜೇಮ್ಸ್. ಅಟ್ಲಾಂಟಾಗೆ ಇದರಲ್ಲಿ ಏನು ಲಾಭ? ರಶೀದ್‌ನ ಕರಾರು ಆ ಬೇಸಿಗೆಗೇ ಮುಗಿಯುವುದಿತ್ತು. ಅವನು ಉಳಿಯುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ಖಾಲಿ ಕೈಯಲ್ಲಿ ಕೂರುವ ಬದಲು ಒಂದು ಡ್ರಾಫ್ಟ್ ಆಯ್ಕೆಯಾದರೂ ಸಿಗಲಿ ಅಂತ.

ತಮಾಷೆ ಎಂದರೆ, ಬಾಸ್ಟನ್‌ಗೆ ಹಂಟರ್ ಬೇಕಿರಲೇ ಇಲ್ಲ. ಅವನನ್ನು ಬಿಡುಗಡೆ ಮಾಡಿತು. ಅವನು ವಾಪಸ್ ಡೆಟ್ರಾಯ್ಟ್‌ಗೇ ಬಂದು ಸೇರಿಕೊಂಡ. ಹೋದ ಪುಟ್ಟ ಬಂದ ಪುಟ್ಟ ಅನ್ನೋ ಹಾಗೆ. ಮುಂದೆ ಅವನೂ ಮೈಕ್ ಜೇಮ್ಸ್ ಸೇರಿ ಬೆಂಚಿನಿಂದ ಇಳಿದು ಎದುರಾಳಿ ಗಾರ್ಡ್‌ಗಳಿಗೆ (ಚೆಂಡನ್ನು ಮುಂದೆ ತರುವ ಆಟಗಾರರು) ಉಸಿರಾಡಲು ಬಿಡದ ಜೋಡಿಯಾದರು.

ರಶೀದ್ ಬಗ್ಗೆ ಲೀಗ್‌ನಲ್ಲಿ ಇದ್ದ ಅಭಿಪ್ರಾಯ ಬೇರೆ. 2000–01ರ ಒಂದೇ ಸೀಸನ್ನಿನಲ್ಲಿ 41 ಟೆಕ್ನಿಕಲ್ ಫೌಲ್ (ಜಗಳ, ದುರ್ನಡತೆಗೆ ಕೊಡುವ ಶಿಕ್ಷೆ) ತಗೊಂಡಿದ್ದ. ಅದು ದಾಖಲೆ. ರೆಫರಿ ಜೊತೆ ಜಗಳ ಅವನಿಗೆ ಕಾಫಿ ಕುಡಿದಷ್ಟು ಸಲೀಸು. ಫೌಲ್ ಸುಳ್ಳು ಅನಿಸಿದರೆ, ಎದುರಾಳಿ ಫ್ರೀ ಥ್ರೋ ತಪ್ಪಿದ ಕೂಡಲೇ ‘ಬಾಲ್ ಡೋಂಟ್ ಲೈ’ ಅಂತ ಕೂಗುತ್ತಿದ್ದ. ಚೆಂಡು ಸುಳ್ಳಾಡಲ್ಲ ಅಂತ. ಇಂಥವನನ್ನು ತಂದರೆ ತಂಡ ಕೆಡುತ್ತೆ ಅಂತ ಹೇಳಿದವರು ಬಹಳ ಜನ. ಆದರೆ ಜೊತೆಯಲ್ಲಿ ಆಡಿದವರು ಹೇಳೋದು ಬೇರೆ. ಅವನಿಗೆ ಪಾಯಿಂಟ್ ಆಸೆ ಇರಲಿಲ್ಲ, ಡಿಫೆನ್ಸ್‌ನಲ್ಲಿ ಯಾರು ಎಲ್ಲಿ ನಿಲ್ಲಬೇಕು ಅಂತ ಬಾಯಿ ಮುಚ್ಚದೆ ಹೇಳುತ್ತಿದ್ದ. ಬೆನ್ ಮಾತು ಕಮ್ಮಿ. ಈಗ ಹಿಂದಿನ ಸಾಲಿಗೆ ಒಂದು ಬಾಯಿ ಬಂತು.

ಮಾರ್ಚ್‌ನಲ್ಲಿ ಡೆಟ್ರಾಯ್ಟ್ ಸತತ ಐದು ಪಂದ್ಯಗಳಲ್ಲಿ ಎದುರಾಳಿಯನ್ನು 70ರೊಳಗೆ ಕಟ್ಟಿಹಾಕಿತು. 24 ಸೆಕೆಂಡಿನ ಶಾಟ್ ಕ್ಲಾಕ್ (ಅಷ್ಟರೊಳಗೆ ಶಾಟ್ ಹೊಡೆಯಲೇಬೇಕು ಅನ್ನೋ ನಿಯಮ) ಬಂದ ಮೇಲೆ ಯಾರೂ ಮಾಡಿರದ ಕೆಲಸ. ಸೀಸನ್ 54–28ಕ್ಕೆ ಮುಗಿಯಿತು. ತಂಡದಲ್ಲಿ ಜಾಸ್ತಿ ಪಾಯಿಂಟ್ ಹೊಡೆದವನು ಹ್ಯಾಮಿಲ್ಟನ್, ಸರಾಸರಿ 17.6. ಆ ವರ್ಷ ಅವನ ಮೂಗು ಮುರಿದು, ಪಾರದರ್ಶಕ ಪ್ಲಾಸ್ಟಿಕ್ ಮುಖವಾಡ ಹಾಕಿಕೊಂಡ. ಮೂಗು ವಾಸಿಯಾದ ಮೇಲೂ ನಿವೃತ್ತಿಯವರೆಗೆ ಅದನ್ನು ತೆಗೆಯಲಿಲ್ಲ.

ಒಂದು ಬ್ಲಾಕ್

ಇನ್ನು ಪ್ಲೇಆಫ್, ನಾಲ್ಕು ಪಂದ್ಯ ಮೊದಲು ಗೆದ್ದವರು ಮುಂದಕ್ಕೆ. ಮಿಲ್ವಾಕಿಯನ್ನು 4–1ರಲ್ಲಿ ಮುಗಿಸಿದ್ದು ಸಲೀಸಾಯಿತು. ನ್ಯೂಜೆರ್ಸಿ ನೆಟ್ಸ್ ಹಾಗಲ್ಲ. ಮೊದಲ ಪಂದ್ಯದಲ್ಲಿ ಅವರನ್ನು 56ಕ್ಕೆ ನಿಲ್ಲಿಸಿದ ಡೆಟ್ರಾಯ್ಟ್, ಐದನೆಯದನ್ನು ಮೂರು ಓವರ್‌ಟೈಮ್ ಆಡಿ 120–127ರಲ್ಲಿ ಸೋತಿತು. ಬಿಲಪ್ಸ್ ಅರ್ಧ ಅಂಗಳದಿಂದ ಎಸೆದ ಚೆಂಡು ಕೊನೇ ಕ್ಷಣದಲ್ಲಿ ಒಳಗೆ ಬಿದ್ದು ಸಮ ಮಾಡಿದ್ದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಏಳನೇ ಪಂದ್ಯದವರೆಗೆ ಹೋಗಿ ಗೆದ್ದರು.

ಆಮೇಲೆ ಇಂಡಿಯಾನಾ. ಅಂದರೆ ಕಾರ್ಲೈಲ್. ಮೊದಲ ಪಂದ್ಯ ಅವರ ಪಾಲು. ಸೋತ ಮೇಲೆ ರಶೀದ್ ಪತ್ರಕರ್ತರ ಮುಂದೆ ಎರಡನೆಯದನ್ನು ನಾವೇ ಗೆಲ್ತೀವಿ ಅಂತ ಗ್ಯಾರಂಟಿ ಕೊಟ್ಟುಬಿಟ್ಟ. ಆ ಪಂದ್ಯದಲ್ಲಿ ಡೆಟ್ರಾಯ್ಟ್ 19 ಶಾಟ್ ಬ್ಲಾಕ್ ಮಾಡಿತು. ಎಲ್ಲರೂ ನೆನಪಿಟ್ಟಿರೋದು ಒಂದನ್ನೇ.

69–67. ಡೆಟ್ರಾಯ್ಟ್ ಎರಡು ಮುಂದೆ. ಇಪ್ಪತ್ತು ಸೆಕೆಂಡೂ ಉಳಿದಿಲ್ಲ. ಚೆಂಡು ಕೈತಪ್ಪಿ ರೆಜಿ ಮಿಲ್ಲರ್‌ಗೆ ಸಿಕ್ಕಿತು. ಮುಂದೆ ಅಂಗಳ ಪೂರ್ತಿ ಖಾಲಿ. 38 ವರ್ಷದ ಮಿಲ್ಲರ್ ಹದಿನೇಳು ಸೀಸನ್ನಿನ ಅನುಭವಿ. ಇಂಥ ಲೇಅಪ್ (ಬುಟ್ಟಿಯ ಹತ್ತಿರದಿಂದ ಹಾಕುವ ಶಾಟ್) ಕಣ್ಣು ಮುಚ್ಚಿ ಹಾಕಬಲ್ಲ. ಡಂಕ್ ಮಾಡಲು ಹೋಗದೆ ಚೆಂಡನ್ನು ಮೆಲ್ಲಗೆ ಬೋರ್ಡಿಗೆ ಒರಗಿಸಲು ಎದ್ದ. ಪ್ರಿನ್ಸ್ ಬಹಳ ಹಿಂದಿದ್ದ. ಟಿವಿಯಲ್ಲಿ ಮೊದಲು ಕಾಣುವುದೇ ಇಲ್ಲ. ಆಮೇಲೆ ಪರದೆಯ ಅಂಚಿನಿಂದ ಒಂದು ಉದ್ದನೆಯ ಕೈ ಬರುತ್ತದೆ. ಬೋರ್ಡಿಗೆ ತಾಗುವ ಮುಂಚೆ ಚೆಂಡನ್ನು ತಟ್ಟುತ್ತದೆ. ಪ್ರಿನ್ಸ್ ಓಡಿದ ರಭಸಕ್ಕೆ ಅಂಗಳದ ಆಚೆ, ಜನರ ಮೇಲೆ ಹೋಗಿ ಬೀಳುತ್ತಾನೆ. ಹೊರಗೆ ಹೋಗುತ್ತಿದ್ದ ಚೆಂಡನ್ನು ಹ್ಯಾಮಿಲ್ಟನ್ ಹಿಡಿದುಕೊಂಡ. 72–67. ಗ್ಯಾರಂಟಿ ಉಳಿಯಿತು. ಆ ಸರಣಿಯ ಆರನೇ ಪಂದ್ಯ 69–65ರಲ್ಲಿ ಮುಗಿದು ಡೆಟ್ರಾಯ್ಟ್ ಫೈನಲ್ಸ್‌ಗೆ ಹೋಯಿತು. ಈಗಿನ ಎನ್‌ಬಿಎಯಲ್ಲಿ ಅಷ್ಟು ಪಾಯಿಂಟ್ ಎಷ್ಟೋ ಸಲ ಅರ್ಧ ಸಮಯಕ್ಕೇ ಬಂದುಬಿಡುತ್ತದೆ.

ಶಕೀಲ್ ಹೊಡೆಯಲಿ ಬಿಡಿ

ಫೈನಲ್ಸ್‌ನಲ್ಲಿ ಎದುರಿಗಿದ್ದದ್ದು ಲೇಕರ್ಸ್. ಮಲೋನ್ ಹಿಂದಿನ ವರ್ಷ 1.9 ಕೋಟಿ ಡಾಲರ್ ಮೇಲೆ ಸಂಬಳ ತಗೊಳ್ಳುತ್ತಿದ್ದವನು. ಟ್ರೋಫಿ ಆಸೆಗೆ 15 ಲಕ್ಷ ಡಾಲರ್‌ಗೆ ಲೇಕರ್ಸ್ ಸೇರಿದ್ದ. ಪೇಟನ್ ಕೂಡ ಕಮ್ಮಿ ದುಡ್ಡಿಗೆ ಬಂದಿದ್ದ. ಡೆಟ್ರಾಯ್ಟ್ ಒಂದು ಪಂದ್ಯ ಗೆದ್ದರೆ ಜಾಸ್ತಿ ಅನ್ನೋ ಮಾತು ಎಲ್ಲ ಕಡೆ ಇತ್ತು.

ಬ್ರೌನ್ ಅವರ ಲೆಕ್ಕ ಸರಳ. ಶಕೀಲ್‌ನನ್ನು ತಡೆಯೋಕೆ ಎಲ್ಲರೂ ಇಬ್ಬಿಬ್ಬರನ್ನು ಬಿಡುತ್ತಾರೆ. ಆಗ ಬೇರೆ ಒಬ್ಬ ಖಾಲಿ ಸಿಗುತ್ತಾನೆ, ಅವನು ಶೂಟ್ ಮಾಡುತ್ತಾನೆ. ಲೇಕರ್ಸ್ ಬದುಕುವುದೇ ಆ ಶಾಟ್‌ಗಳ ಮೇಲೆ. ಹಾಗಾದರೆ ಇಬ್ಬರನ್ನು ಬಿಡೋದೇ ಬೇಡ. ಬೆನ್, ರಶೀದ್, ಎಲ್ಡೆನ್ ಕ್ಯಾಂಪ್‌ಬೆಲ್, ಇವರಲ್ಲಿ ಒಬ್ಬನೇ ಶಕೀಲ್ ಬೆನ್ನಿಗೆ ಒರಗಿ ನಿಲ್ಲಲಿ. ಬೆನ್‌ಗೂ ಶಕೀಲ್‌ಗೂ ತೂಕದಲ್ಲಿ ಮೂವತ್ತೈದು ಕೆಜಿಗೂ ಜಾಸ್ತಿ ವ್ಯತ್ಯಾಸ. ಶಕೀಲ್ ಹೊಡೆದರೆ ಹೊಡೆಯಲಿ. ಉಳಿದ ನಾಲ್ವರು ತಮ್ಮ ತಮ್ಮ ಆಳನ್ನು ಬಿಟ್ಟು ಕದಲಬಾರದು. ಕೋಬಿ ಮುಂದೆ ಪ್ರಿನ್ಸ್‌ನ ಆ ಉದ್ದನೆಯ ಕೈ. ಇದಕ್ಕೆ ರಶೀದ್ ಇರಲೇಬೇಕಿತ್ತು. ಬೆನ್‌ಗೆ ಫೌಲ್ ಜಾಸ್ತಿಯಾದರೂ ಶಕೀಲ್ ಬೆನ್ನಿಗೆ ಇನ್ನೊಬ್ಬ ಗಟ್ಟಿ ಆಳು ಸಿದ್ಧ.

ಮೊದಲ ಪಂದ್ಯ ಲಾಸ್ ಏಂಜಲೀಸ್‌ನಲ್ಲಿ, ಜೂನ್ 6. ಶಕೀಲ್ 34, ಕೋಬಿ 25. ಲೇಕರ್ಸ್‌ನ ಉಳಿದವರೆಲ್ಲ ಸೇರಿ 16. ಡೆಟ್ರಾಯ್ಟ್ 87–75. ಎರಡನೆಯದನ್ನೂ ಗೆದ್ದೇಬಿಟ್ಟರು ಅನ್ನುವಾಗ, 2.1 ಸೆಕೆಂಡ್ ಉಳಿದಿದ್ದಾಗ ಕೋಬಿ ಮೂರು ಪಾಯಿಂಟಿನ ಶಾಟ್ ಹಾಕಿ 89–89 ಮಾಡಿದ. ಓವರ್‌ಟೈಮ್‌ನಲ್ಲಿ ಲೇಕರ್ಸ್ 99–91. ಮೂರು ಪಾಯಿಂಟ್ ಮುಂದಿದ್ದಾಗ ಬೇಕಂತಲೇ ಫೌಲ್ ಮಾಡಿ ಕೋಬಿಯನ್ನು ಫ್ರೀ ಥ್ರೋಗೆ ಕಳಿಸಬಹುದಿತ್ತಲ್ಲ ಅನ್ನೋ ವಾದ ಆಮೇಲೂ ನಡೆಯಿತು. ನನ್ನ ಪ್ರಕಾರ ಫೌಲ್ ಮಾಡಲೇಬೇಕಿತ್ತು.

ಆಗ ಫೈನಲ್ಸ್‌ನ ಮಧ್ಯದ ಮೂರು ಪಂದ್ಯ ಒಂದೇ ಊರಲ್ಲಿ, ಈ ಸಲ ಡೆಟ್ರಾಯ್ಟ್‌ನ ತವರಲ್ಲಿ. 1985ರಿಂದ ಈ ಪದ್ಧತಿ ಇದ್ದರೂ ಆ ಮೂರನ್ನೂ ತವರಿನ ತಂಡ ಗೆದ್ದದ್ದೇ ಇರಲಿಲ್ಲ. ಮೂರನೆಯದರಲ್ಲಿ ಲೇಕರ್ಸ್ 68ಕ್ಕೆ ನಿಂತಿತು. ಪ್ಲೇಆಫ್‌ನಲ್ಲಿ ಅವರ ಅತಿ ಕಮ್ಮಿ ಮೊತ್ತ. ಕೋಬಿಗೆ 13 ಶಾಟ್‌ನಲ್ಲಿ ಬಿದ್ದದ್ದು 4. ಮುಖವಾಡದ ಹ್ಯಾಮಿಲ್ಟನ್ 31 ಹೊಡೆದ.

ನನಗೆ ಈ ಇಡೀ ಪ್ರಕರಣದ ಸಾರ ಕಾಣುವುದು ನಾಲ್ಕನೇ ಪಂದ್ಯದ ಅಂಕಪಟ್ಟಿಯಲ್ಲಿ. ಶಕೀಲ್ 36 ಪಾಯಿಂಟ್, 20 ರೀಬೌಂಡ್. 21 ಶಾಟ್‌ಗೆ 16 ಒಳಗೆ. ಆದರೂ ಲೇಕರ್ಸ್ ಒಟ್ಟು 80. ಕೋಬಿ 25 ಸಲ ಎಸೆದ, 8 ಬಿದ್ದವು. ಪಕ್ಕದಲ್ಲಿ ಶಕೀಲ್ ಅಷ್ಟು ಸಲೀಸಾಗಿ ಹೊಡೆಯುತ್ತಿರುವಾಗ ಚೆಂಡು ಅವನ ಕೈಗೆ ಯಾಕೆ ಹೋಗಲಿಲ್ಲ? ಅದು ಲೇಕರ್ಸ್ ಮನೆಯೊಳಗಿನ ಜಗಳ, ಡೆಟ್ರಾಯ್ಟ್ ಅದನ್ನು ಚೆನ್ನಾಗಿ ಬಳಸಿಕೊಂಡಿತು. ಆ ರಾತ್ರಿ ರಶೀದ್ 26 ಪಾಯಿಂಟ್, 13 ರೀಬೌಂಡ್.

ನ್ಯಾಯವಾಗಿ ಹೇಳಬೇಕಾದ ಇನ್ನೆರಡು ಮಾತಿವೆ. ಮಲೋನ್ ಮೊಣಕಾಲು ಕೆಟ್ಟು ಕುಂಟುತ್ತಾ ಆಡಿದ. ಕೊನೇ ಪಂದ್ಯಕ್ಕೆ ಇಳಿಯಲೇ ಇಲ್ಲ. ಜೊತೆಗೆ ಆಗ ಗಾರ್ಡ್‌ಗಳನ್ನು ಕೈಯಿಂದ ತಳ್ಳಿ ತಡೆಯೋದಕ್ಕೆ ರೆಫರಿಗಳು ಅಷ್ಟಾಗಿ ಶಿಳ್ಳೆ ಊದುತ್ತಿರಲಿಲ್ಲ. ಮುಂದಿನ ಸೀಸನ್ನಿನಿಂದ ಲೀಗ್ ಅದನ್ನು ಬಿಗಿ ಮಾಡಿತು. ಒಂದು ವರ್ಷ ತಡವಾಗಿದ್ದರೆ ಇದೇ ತಂಡ ಇದೇ ರೀತಿ ಗೆಲ್ಲುತ್ತಿತ್ತು ಅಂತ ನಾನು ಹೇಳಲಾರೆ.

ಐದನೆಯದು 100–87. ಬೆನ್ 18 ಪಾಯಿಂಟ್, 22 ರೀಬೌಂಡ್. ಸರಣಿಯಲ್ಲಿ ಸರಾಸರಿ 21 ಹೊಡೆದ ಬಿಲಪ್ಸ್ ಫೈನಲ್ಸ್‌ನ ಶ್ರೇಷ್ಠ ಆಟಗಾರ. ಬ್ರೌನ್ 1988ರಲ್ಲಿ ಕ್ಯಾನ್ಸಾಸ್ ಜೊತೆ ಕಾಲೇಜು ಚಾಂಪಿಯನ್‌ಶಿಪ್ ಗೆದ್ದಿದ್ದರು. ಕಾಲೇಜು, ಎನ್‌ಬಿಎ ಎರಡನ್ನೂ ಗೆದ್ದ ಕೋಚ್ ಅವರೊಬ್ಬರೇ. ಇನ್ನೂ 19 ತುಂಬದ ಡಾರ್ಕೊ ಕೂಡ ಚಾಂಪಿಯನ್ ಆದ. ತಿಂಗಳೊಂದು ಕಳೆಯುವುದರೊಳಗೆ ಶಕೀಲ್ ಮಯಾಮಿಗೆ ಹೋದ.

ಆಮೇಲೆ

2005ರಲ್ಲಿ ಮತ್ತೆ ಫೈನಲ್ಸ್, ಸ್ಯಾನ್ ಆಂಟೋನಿಯೊ ಎದುರು ಏಳನೇ ಪಂದ್ಯದಲ್ಲಿ ಸೋಲು. 2006ರಲ್ಲಿ 64 ಗೆಲುವು, ಐವರಲ್ಲಿ ನಾಲ್ವರು ಆಲ್‌ಸ್ಟಾರ್. ಆದರೆ ಟ್ರೋಫಿ ಬರಲಿಲ್ಲ. ಅದೇ ಬೇಸಿಗೆ ಬೆನ್ ಶಿಕಾಗೊಗೆ ಹೋದ. ಡಾರ್ಕೊನನ್ನು ಅದಕ್ಕೂ ಮೊದಲೇ ಒರ್ಲಾಂಡೊಗೆ ಕೊಟ್ಟಾಗಿತ್ತು. ಆ ಎರಡನೇ ಆಯ್ಕೆಯ ಪೆಟ್ಟು ಕಾಣಿಸಿದ್ದು ಆಗ. 2004ರಲ್ಲಿ ಬೇಕಿರದಿದ್ದ ಹೊಸ ರಕ್ತ ಬೇಕಾದಾಗ ಮನೆಯಲ್ಲಿರಲಿಲ್ಲ. 2008ರಲ್ಲಿ ಬಿಲಪ್ಸ್‌ನನ್ನೂ ಕೊಟ್ಟು ಆಲೆನ್ ಐವರ್ಸನ್‌ನನ್ನು ತಂದರು. ದೊಡ್ಡ ಹೆಸರು ಕೊಂಡುಕೊಂಡ ಆ ಟ್ರೇಡ್‌ನಿಂದ ಏನೂ ಗಿಟ್ಟಲಿಲ್ಲ.

ರಶೀದ್ ಮಾತ್ರ 2004ರ ಬೇಸಿಗೆಯಲ್ಲಿ ಹೊಸ ಕರಾರಿಗೆ ಸಹಿ ಹಾಕಿ ಡೆಟ್ರಾಯ್ಟ್‌ನಲ್ಲೇ ಉಳಿದ. ಗೆದ್ದವರಿಗೆಲ್ಲ ಲೀಗ್ ಪದ್ಧತಿಯಂತೆ ಉಂಗುರ ಬಂತು. ಅವನಿಗೆ ಅದು ಸಾಲಲಿಲ್ಲ. ಟಿವಿ ಕುಸ್ತಿಯಲ್ಲಿ ಚಾಂಪಿಯನ್ ಸೊಂಟಕ್ಕೆ ಕಟ್ಟಿಕೊಳ್ಳುತ್ತಾನಲ್ಲ, ಪರಾತದಷ್ಟು ಅಗಲದ ಹೊಳೆಯೋ ಬೆಲ್ಟು, ಅಂಥವನ್ನು ತನ್ನ ಸ್ವಂತ ದುಡ್ಡಲ್ಲಿ ಮಾಡಿಸಿ ಜೊತೆ ಆಟಗಾರರಿಗೆ ಹಂಚಿದ.